ಬೀದಿ ಲೆಕ್ಕ: ಬೀಳೋ ಮರಕ್ಕೂ ಒಂದು ಲೆಡ್ಜರ್ ಪುಟ ಬೇಕು

(1/10)
ಮೊದಲೇ ಹೇಳಿಬಿಡ್ತೀನಿ, ಈ ಸಲದ ಮಾತು ನಿಮ್ಮಲ್ಲಿ ಅರ್ಧ ಜನಕ್ಕೆ ಇಷ್ಟ ಆಗಲ್ಲ. ಬೆಂಗಳೂರಿನ ಕೆಲವು ಬೀದಿ ಮರಗಳನ್ನ ಕಡೀಲೇಬೇಕು ಅನ್ನೋದು ನನ್ನ ವಾದ. ಉಳಿದರ್ಧ ಜನ "ಸದ್ಯ, ಒಬ್ರಾದ್ರೂ ಹೇಳಿದ್ರಲ್ಲ" ಅಂತ ಖುಷಿ ಪಡೋ ಮುಂಚೆ ಮುಂದಿನ ಸಾಲನ್ನೂ ಓದಿ: ಈಗ ಕಡೀತಿರೋ ರೀತೀಲಿ ಒಂದು ಕೊಂಬೇನೂ ಕಡೀಬಾರದು.

ಏಪ್ರಿಲ್-ಮೇ ಬಂತು ಅಂದ್ರೆ ನಮ್ಮೂರಲ್ಲಿ ಎಲ್ಲರ ಫೋನಲ್ಲೂ ಒಂದೇ ಥರದ ಫೋಟೊ. ನಜ್ಜುಗುಜ್ಜಾದ ಕಾರು, ಅದರ ಮೇಲೆ ಅಡ್ಡ ಮಲಗಿರೋ ಗುಲ್‌ಮೊಹರ್, ಸುತ್ತ ಕೆಂಪು ಹೂವು. ಇಲ್ಲಿರೋ ಮೊದಲ ಫೋಟೊನೂ ಅದೇ. (ಕಾರಲ್ಲಿ ಯಾರೂ ಇರಲಿಲ್ಲ, ಗಾಬರಿ ಬೇಡ.) ಎಲ್ಲಾ ಸಲ ಹೀಗೆ ಹೇಳೋಕಾಗಲ್ಲ. 2025ರ ಮೇ ತಿಂಗಳಲ್ಲಿ ಆಟೊ ಮೇಲೆ ಮರ ಬಿದ್ದು ಚಾಲಕರೊಬ್ಬರು ತೀರಿಕೊಂಡರು. ಮುಂದಿನ ತಿಂಗಳೇ ಬೈಕ್‌ನಲ್ಲಿ ಹೋಗ್ತಿದ್ದ ಯುವಕರೊಬ್ಬರ ಮೇಲೆ ಕೊಂಬೆ ಬಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಅವರೂ ಉಳೀಲಿಲ್ಲ. ಅದಕ್ಕೂ ಹಿಂದಿನ ವರ್ಷ, 2024ರ ಜೂನ್ 2ರಂದು, ನಗರದಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ. ಜೂನ್ ತಿಂಗಳ ಒಂದು ದಿನದ ಮಳೆ ಲೆಕ್ಕದಲ್ಲಿ 133 ವರ್ಷದ ದಾಖಲೆ ಅದು. ಆವತ್ತು ಉರುಳಿದ ಮರಗಳು ನೂರಾರು.

ಇಂಥದ್ದು ಆದ ಮೇಲೆ ಏನೇನು ನಡೆಯುತ್ತೆ ಅಂತ ನಿಮಗೂ ಗೊತ್ತು. ಗರಗಸ ಬರುತ್ತೆ, ಲಾರಿ ಬರುತ್ತೆ, ಟಿವಿಯವರು ಬರ್ತಾರೆ, ಪರಿಹಾರದ ಘೋಷಣೆ ಆಗುತ್ತೆ. ಕೊನೆಗೆ ಯಾರಾದರೂ ಒಬ್ಬರು "ಪ್ರಕೃತಿ ವಿಕೋಪ, ಏನ್ ಮಾಡೋಕಾಗುತ್ತೆ" ಅಂತಾರೆ. ನನ್ನ ತಕರಾರು ಇರೋದು ಆ ಕೊನೇ ಮಾತಿನ ಮೇಲೆ.

(2/10)
ನಾನು ಬಿಕಾಂ ಓದ್ತಿರೋದು ಅಂತ ಹಳಬರಿಗೆ ಗೊತ್ತು. ನಮಗೆ ಬಿಸಿನೆಸ್ ಲಾ ಪೇಪರ್‌ನಲ್ಲಿ 'ಆಕ್ಟ್ ಆಫ್ ಗಾಡ್' ಅಂತ ಒಂದು ಬರುತ್ತೆ. ದೇವರ ತಲೆ ಮೇಲೆ ಹಾಕೋಕೂ ಷರತ್ತಿದೆ ಅದರಲ್ಲಿ. ಆ ಘಟನೆ ಮೊದಲೇ ಊಹಿಸೋಕೆ ಆಗದೇ ಇರೋಂಥದ್ದಾಗಿರಬೇಕು. ಜೊತೆಗೆ, ಸಾಮಾನ್ಯ ಎಚ್ಚರಿಕೆ ತಗೊಂಡಿದ್ರೂ ತಪ್ಪಿಸೋಕೆ ಆಗ್ತಿರಲಿಲ್ಲ ಅನ್ನೋ ಹಾಗಿರಬೇಕು.

ಈಗ ಹೇಳಿ. ಬೇಸಿಗೆ ಮಳೆ ಊಹಿಸೋಕಾಗದೇ ಇರೋ ವಿಷಯಾನಾ? ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಒಂದೊಂದು ಮಳೆಗೂ ಹೆಸರಿಟ್ಟು, ತಾರೀಖು ಸಮೇತ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ನೇತು ಹಾಕ್ಕೊಂಡಿರೋ ಜನ ನಾವು. ಅಜ್ಜಿ ಹಪ್ಪಳ ಒಣಗಿಸೋದನ್ನೂ ಆ ತಾರೀಖು ನೋಡಿಯೇ ಶುರು ಮಾಡ್ತಾರೆ. ನಗರ ಮಾತ್ರ ಪ್ರತಿ ವರ್ಷ ಬೆಚ್ಚಿಬೀಳುತ್ತೆ.

ಮರನೂ ಸುಮ್ಮನೆ ಬೀಳಲ್ಲ. ಮಳೆ ನೀರು ನಿಂತು ಎಲೆ-ಕೊಂಬೆ ಭಾರ ಆಗುತ್ತೆ, ಬುಡದ ಮಣ್ಣು ನೆನೆದು ಸಡಿಲ ಆಗುತ್ತೆ, ಆಗ ಗಾಳಿ ಬಂದು ತಳ್ಳುತ್ತೆ. ಗಟ್ಟಿ ಬೇರಿರೋ ಮರ ಇದನ್ನ ತಡ್ಕೊಳ್ಳುತ್ತೆ. ತಡ್ಕೊಳ್ಳದೇ ಇರೋ ಮರಕ್ಕೆ ಗಾಳಿಗಿಂತ ಮುಂಚೆ ಏನೋ ಆಗಿರುತ್ತೆ.

(3/10)
ಆ ಮುಂಚಿನ 'ಏನೋ' ಬಹಳಷ್ಟು ಸಲ ನಾವೇ ಮಾಡಿದ್ದು. ಎರಡನೇ ಫೋಟೊ ನೋಡಿ. ಮರದ ಬುಡಕ್ಕೆ ಅಂಟಿಕೊಂಡ ಹಾಗೆ ಟೈಲ್ಸ್ ಹಾಕಿದ್ದಾರೆ, ಒಂದು ಲೋಟ ನೀರು ಇಳಿಯೋಷ್ಟೂ ಜಾಗ ಇಲ್ಲ. ಬೇರು ಅಂದ್ರೆ ಮೂಲಂಗಿ ಥರ ನೆಟ್ಟಗೆ ಪಾತಾಳಕ್ಕೆ ಇಳಿದಿರುತ್ತೆ ಅಂತ ನಾವಂದ್ಕೊಂಡಿರ್ತೀವಿ. ಆದರೆ ಮರಕ್ಕೆ ನೀರು, ಗಾಳಿ ಎಳ್ಕೊಡೋ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಲ್ಲೇ ಇರ್ತವೆ, ಕೊಂಬೆಗಳ ನೆರಳಿಗಿಂತ ಆಚೆಗೂ ಹರಡಿರ್ತವೆ. ಅದೇ ಎರಡು ಅಡಿಯಲ್ಲಿ ನಾವು ಚರಂಡಿ ಮಾಡ್ತೀವಿ, ನೀರಿನ ಪೈಪ್ ಹಾಕ್ತೀವಿ, ಇಂಟರ್ನೆಟ್ ಕೇಬಲ್‌ಗೆ ಅಗೀತೀವಿ. ಜೆಸಿಬಿಗೆ ಬೇರು ಯಾವುದು, ಕಲ್ಲು ಯಾವುದು ಗೊತ್ತಾಗಲ್ಲ. ಒಂದು ಕಡೆಯ ದಪ್ಪ ಬೇರು ಕತ್ತರಿಸಿದ್ರೆ ಮರ ಆವತ್ತೇ ಬೀಳಲ್ಲ. ಎರಡು-ಮೂರು ಮಳೆಗಾಲ ಕಳೆದ ಮೇಲೆ, ಕಂಟ್ರಾಕ್ಟರ್ ಬಿಲ್ ಪಾಸ್ ಆಗಿ ಮರೆತು ಹೋದ ಮೇಲೆ ಬೀಳುತ್ತೆ.

ಮೇಲ್ಗಡೆ ಇನ್ನೊಂದು ಕಥೆ. ವೈರ್ ಹೋಗಿರೋ ಬದಿಯ ಕೊಂಬೆಗಳನ್ನ ಮಾತ್ರ ಕಡಿದು ಇನ್ನೊಂದು ಬದಿ ಹಾಗೇ ಬಿಡ್ತಾರೆ. ಭಾರ ಪೂರ್ತಿ ಒಂದೇ ಕಡೆ. ಕೊಂಬೇನ ಮಧ್ಯಕ್ಕೇ ಮೊಟಕು ಮಾಡಿದ್ರೆ ಆ ತುದಿಯಿಂದ ಪೊರಕೆ ಥರ ಚಿಗುರು ಬರುತ್ತೆ. ನೋಡೋಕೆ ಹಸಿರು, ಆದರೆ ತೊಗಟೆ ಹತ್ತಿರ ಮಾತ್ರ ಅಂಟಿಕೊಂಡಿರೋ ಕೊಂಬೆಗಳವು. ಮುಂದೆ ಮುರಿದು ಬೀಳೋದು ಅವೇ. ಅಂದರೆ "ಅಪಾಯ ತಪ್ಪಿಸೋಕೆ" ಅಂತ ಮಾಡಿದ ಕೆಲಸವೇ ಹತ್ತು ವರ್ಷದ ನಂತರದ ಅಪಾಯ ಆಗಿರುತ್ತೆ.

ಪಿಜಿ ಬೋರ್ಡ್, ಟ್ಯೂಷನ್ ಬೋರ್ಡ್, ಮೊಳೆ, ಸೀರಿಯಲ್ ಲೈಟು… ಅದರ ಬಗ್ಗೆ ಬೈಯೋಕೆ ಶುರು ಮಾಡಿದ್ರೆ ಈ ಪೋಸ್ಟ್ ಮುಗಿಯಲ್ಲ, ಬಿಡಿ. ಹಳ್ಳಿಯಲ್ಲಿ ಅರಳಿಮರಕ್ಕೆ ಕಟ್ಟೆ ಕಟ್ಟಿದವರು ಒಳಗಡೆ ಮಣ್ಣು ಬಿಟ್ಟಿರ್ತಿದ್ರು, ಅಷ್ಟು ಮಾತ್ರ ಜ್ಞಾಪಿಸ್ತೀನಿ.

(4/10)
ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಡಿಪ್ರಿಸಿಯೇಷನ್. ಸವಕಳಿ.

ಬೆಂಗಳೂರಿನ ಮರಗಳ ಕಥೇಲಿ ಎರಡು ಹೆಸರು ಮರೆಯೋ ಹಾಗಿಲ್ಲ. ಒಬ್ಬರು ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್. ವರ್ಷದ ಒಂದಲ್ಲ ಒಂದು ತಿಂಗಳು ಯಾವುದೋ ಬೀದಿಯಲ್ಲಿ ಹೂವು ಇರಲಿ ಅಂತ ಲೆಕ್ಕ ಹಾಕಿ ಮರ ಹಾಕಿಸಿದವರು. ಇನ್ನೊಬ್ಬರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1980ರ ದಶಕದಲ್ಲಿ ನಗರ ಬೋಳಾಗ್ತಿದ್ದಾಗ ಕೆಲವೇ ವರ್ಷದಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದವರು. ನಾನು ಕಾಲೇಜಿಗೆ ಹೋಗೋ ದಾರಿಯ ನೆರಳಲ್ಲಿ ಅವರ ಕಾಲದ್ದು ಎಷ್ಟಿದೆಯೋ! ದೊಡ್ಡ ಕೆಲಸ, ಎರಡು ಮಾತಿಲ್ಲ.

ಆದರೆ ಕ್ಯಾಲ್ಕುಲೇಟರ್ ತಗೊಳ್ಳಿ. 1980ರ ದಶಕದಲ್ಲಿ ನೆಟ್ಟ ಗಿಡಕ್ಕೆ ಈಗ ನಲವತ್ತು ದಾಟಿದೆ. ಬೇವು, ಹೊಂಗೆ, ಮಾವಿಗೆ ಅದು ಹರೆಯ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್‌ಗೆ, ಅದೂ ಬೀದಿಯ ಟೈಲ್ಸ್ ಮಧ್ಯೆ ಬದುಕಿದ್ದಕ್ಕೆ, ಅದು ಮುಪ್ಪು. ಬೇಗ ಬೆಳೆಯೋ ಮರ, ಮೆತ್ತಗಿನ ಕಟ್ಟಿಗೆ, ಮೇಲೆಮೇಲೆ ಹರಡೋ ಬೇರು. ಆಫ್ರಿಕನ್ ಟುಲಿಪ್ (ನಾವು ಚಿಕ್ಕವರಿದ್ದಾಗ ಮೊಗ್ಗು ಹಿಂಡಿ ನೀರು ಚಿಮ್ಮಿಸ್ತಿದ್ವಲ್ಲ, ಅದೇ ನೀರುಕಾಯಿ ಮರ), ಹಳದಿ ಹೂವಿನ ಪೆಲ್ಟೋಫೋರಂ, ಇವೂ ಕೊಂಬೆ ಮುರಿಯೋದರಲ್ಲಿ ಮುಂದು. ಒಂದೇ ದಶಕದಲ್ಲಿ ಹುಟ್ಟಿದವು ಒಂದೇ ದಶಕದಲ್ಲಿ ವಯಸ್ಸಾಗ್ತವೆ. ಇದು ಊಹಿಸೋಕೆ ಕಷ್ಟವಾದ ಲೆಕ್ಕವಲ್ಲ, ಎರಡನೇ ಸೆಮಿಸ್ಟರ್‌ನವರೂ ಮಾಡ್ತಾರೆ.

ನಗು ಬರೋ ವಿಷಯ ಹೇಳ್ಲಾ? ಚಿಕ್ಕಮಗಳೂರಿನಲ್ಲಿ ಒಂದು ಕಂಪನಿಯ ತೋಟದ ಕಾಫಿ ಗಿಡ ಇದೆ ಅಂದ್ಕೊಳ್ಳಿ. ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಅದು 'ಬೇರರ್ ಪ್ಲಾಂಟ್'. ಯಂತ್ರದ ಥರಾನೇ ಅದಕ್ಕೆ ಬೆಲೆ ಕಟ್ಟಬೇಕು, ಎಷ್ಟು ವರ್ಷ ಬಾಳುತ್ತೆ ಅಂತ ಅಂದಾಜಿಸಬೇಕು, ವರ್ಷ ವರ್ಷ ಸವಕಳಿ ಬರೀಬೇಕು. ಕಾಫಿ ಗಿಡ ಬಿದ್ದರೆ ಯಾರ ತಲೇನೂ ಒಡೆಯಲ್ಲ, ಆದರೂ ಅದಕ್ಕೆ ಪುಸ್ತಕದಲ್ಲಿ ಜಾಗ ಇದೆ. ನಮ್ಮ ಬೀದಿಯ ಲೈಟ್ ಕಂಬಕ್ಕೆ ನಂಬರ್ ಇದೆ, ಟ್ರಾನ್ಸ್‌ಫಾರ್ಮರ್‌ಗೆ ನಂಬರ್ ಇದೆ. ಅದರ ಪಕ್ಕ ಐವತ್ತು ಅಡಿ ಎತ್ತರ ನಿಂತಿರೋ ಮರಕ್ಕೆ ಇಲ್ಲ.

(5/10)
"ಕಾನೂನು ಇಲ್ವಾ?" ಇದೆ, ನಮ್ಮಮ್ಮನಷ್ಟು ಹಳೇದು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ವೃಕ್ಷ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರ ಅನುಮತಿ ಇಲ್ಲದೆ ಮರ ಕಡಿಯೋ ಹಾಗಿಲ್ಲ. ನಿಮ್ಮ ಸ್ವಂತ ಸೈಟಿನ ಮರಕ್ಕೂ ಇದು ಅನ್ವಯ. ಸತ್ತ ಮರ, ರೋಗ ಹಿಡಿದ ಮರ, ಪ್ರಾಣಕ್ಕೋ ಆಸ್ತಿಗೋ ಅಪಾಯ ತರೋ ಮರ ಆದ್ರೆ ಕಡಿಯೋಕೆ ಅವರು ಒಪ್ಪಬಹುದು. ಸಾರ್ವಜನಿಕ ಯೋಜನೆಗೆ ಐವತ್ತಕ್ಕಿಂತ ಹೆಚ್ಚು ಮರ ಹೋಗುತ್ತೆ ಅಂದ್ರೆ ಜನರ ಆಕ್ಷೇಪಣೆ ಕೇಳಬೇಕು.

ಇದರ ಜೊತೆಗೆ ಇನ್ನೊಂದು ಸಾಲಿದೆ, ನನಗೆ ತುಂಬಾ ಇಷ್ಟವಾದದ್ದು. ವೃಕ್ಷ ಪ್ರಾಧಿಕಾರದ ಕರ್ತವ್ಯಗಳಲ್ಲಿ ಇರೋ ಮರಗಳ ಗಣತಿ ಮಾಡೋದೂ ಒಂದು. 1976ರ ಕಾಯ್ದೆ ಇದು! ಕೊನೆಗೆ ಹೈಕೋರ್ಟ್ ಜ್ಞಾಪಿಸಬೇಕಾಯ್ತು. ಗಣತಿ ಶುರುವಾಯ್ತು, ನಿಂತಿತು, ಮತ್ತೆ ಶುರುವಾಯ್ತು. ಇವತ್ತಿಗೂ ನಮ್ಮ ಬೀದಿಯ ಒಂದು ಮರದ ಮೇಲೂ ನಂಬರ್ ನೋಡಿಲ್ಲ ನಾನು. ಮುಂಬೈಯವರು 2018ರ ಹೊತ್ತಿಗೆ ಎಣಿಸಿ ಮುಗಿಸಿದ್ರು, ಸುಮಾರು 29.75 ಲಕ್ಷ ಮರ. ಎಣಿಸಿದ ಮಾತ್ರಕ್ಕೆ ಅಲ್ಲಿ ಮರ ಬೀಳೋದು ನಿಂತಿಲ್ಲ, ಅದೂ ನಿಜ. ಆದರೆ ಎಷ್ಟಿದೆ ಅಂತಲೇ ಗೊತ್ತಿಲ್ಲದೆ ಇದ್ರೆ ಮಳೆಗಾಲಕ್ಕೆ ಮುಂಚೆ ಯಾವುದನ್ನ ಮೊದಲು ನೋಡಬೇಕು ಅಂತ ಹೇಗೆ ಗೊತ್ತಾಗುತ್ತೆ? ಗೋಡೌನ್‌ನಲ್ಲಿ ಸ್ಟಾಕ್ ಎಷ್ಟಿದೆ ಗೊತ್ತಿಲ್ಲ, ಆದರೆ ಎಕ್ಸ್‌ಪೈರಿ ಆಗಿರೋದನ್ನ ತೆಗೆದುಬಿಡ್ತೀವಿ ಅಂದ ಹಾಗೆ ಆಯ್ತು.

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಅನ್ನೋದೇ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ. ಮನೆ ಭಾಗ ಆದಾಗ ಪಾತ್ರೆ-ಪಗಡೆ ಪಟ್ಟಿ ಮಾಡ್ತೀವಲ್ಲ, ಹಾಗೆ ಮರಗಳ ಪಟ್ಟಿ ಮಾಡೋಕೆ ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ.

(6/10)
ಈಗ ನಮ್ಮ ಬೀದಿ. ಹೆಸರು ಹೇಳಲ್ಲ, ಕಾರಣ ಮುಂದೆ ಗೊತ್ತಾಗುತ್ತೆ.

ತಿರುವಿನಲ್ಲಿ ಒಂದು ಪೆಲ್ಟೋಫೋರಂ ಇದೆ, ಮೂರನೇ ಫೋಟೊ. ಬುಡದಲ್ಲಿ ತಟ್ಟೆ ಥರ ಕಂದು ಅಣಬೆ ಎದ್ದಿದೆ. ಮರದ ಬುಡದಲ್ಲಿ ಅಣಬೆ ಬಂತು ಅಂದ್ರೆ ಒಳಗೆ ಕೊಳೆಯೋ ಕೆಲಸ ಆಗಲೇ ಸುಮಾರು ನಡೆದಿದೆ ಅಂತ ಅರ್ಥ. ನಮಗೆ ಕಾಣೋದು ಅದರ ಹೊರಗಿನ ಚೂರು ಮಾತ್ರ. ಒಂದು ಬದಿ ಎರಡು ವರ್ಷದ ಹಿಂದೆ ಪೈಪಿಗೆ ಅಗೆದಿದ್ದಾರೆ. ಈ ಮರದ ಕೆಳಗೇ ನಮ್ಮ ಹೂವಿನ ಅಕ್ಕ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಒಂದರ ತನಕ ಕೂತಿರ್ತಾರೆ.

ನಾವು ಒಂದು ಕಚೇರಿಗೆ ದೂರು ಕೊಟ್ವಿ, ಫೋಟೊ ಸಮೇತ. ಹನ್ನೆರಡನೇ ದಿನ ಮೆಸೇಜ್ ಬಂತು: ನಿಮ್ಮ ದೂರನ್ನು ಬಗೆಹರಿಸಲಾಗಿದೆ. ಯಾರೂ ಬಂದಿರಲಿಲ್ಲ. ಅಕ್ಕ ದಿನಾ ಅಲ್ಲೇ ಇರ್ತಾರಲ್ಲ, ಬಂದಿದ್ರೆ ಅವರಿಗೆ ಗೊತ್ತಾಗ್ತಿತ್ತು. ಮತ್ತೆ ಕೊಟ್ವಿ. ಮತ್ತೆ 'ಬಗೆಹರಿಸಲಾಗಿದೆ'.

ಅದೇ ತಿಂಗಳು ನಾಲ್ಕು ಮನೆ ಆಚೆ ಒಂದು ಹೊಂಗೆ ಮರಕ್ಕೆ ಭಾನುವಾರ ಬೆಳಿಗ್ಗೆ ಏಳಕ್ಕೇ ಗರಗಸದವರು ಬಂದ್ರು. ಗಟ್ಟಿಮುಟ್ಟಾದ ಮರ. ಅದರ ತಪ್ಪು ಏನಪ್ಪಾ ಅಂದ್ರೆ ಹೊಸದಾಗಿ ಕಟ್ಟಿದ ಮನೆಯ ಗೇಟಿನ ಎದುರು ಇತ್ತು, ಕಾರು ತಿರುಗಿಸೋಕೆ ಅಡ್ಡ ಬರ್ತಿತ್ತು. ಅನುಮತಿ ಪತ್ರ ತೋರಿಸಿ ಅಂದೆ. "ಡೇಂಜರ್ ಮರ ಮೇಡಂ, ಮೇಲಿಂದ ಹೇಳಿದ್ದಾರೆ" ಅಂದ್ರು. ಮೇಲಿಂದ ಅಂದ್ರೆ ಯಾರು ಅಂತ ಕೇಳಿದ್ದಕ್ಕೆ ಗರಗಸ ಸ್ಟಾರ್ಟ್ ಆಯ್ತು. ಮಧ್ಯಾಹ್ನಕ್ಕೆ ಬೊಡ್ಡೆ ಮಾತ್ರ ಉಳಿದಿತ್ತು.

ನೋಡಿ, ಅಪಾಯ ಇರೋ ಮರ ನಿಂತಿದೆ, ಅಪಾಯ ಇಲ್ಲದ ಮರ ಹೋಗಿದೆ. ಎರಡೂ ಕಡೆ ಒಂದು ಸಾಲಿನ ಬರಹವೂ ಇಲ್ಲ. ನನಗೆ ಸಿಟ್ಟು ಬರೋದು ಇಲ್ಲಿ. ಇದನ್ನ ಬರೀ ಲಂಚದ ವಿಷಯ ಅಂತ ಮುಗಿಸಿಬಿಡೋದು ಸುಲಭ. ಲೆಕ್ಕ ಇಲ್ಲದ ಕಡೆ ಒಳ್ಳೇ ಅಧಿಕಾರಿಗೂ ಏನೂ ಮಾಡೋಕಾಗಲ್ಲ, ಕೆಟ್ಟವರಿಗೆ ಎಲ್ಲಾ ಮಾಡೋಕಾಗುತ್ತೆ.

(7/10)
ಅಕ್ಕನಿಗೆ ಹೇಳ್ದೆ, ಅಣಬೆ ಬಂದಿದೆ, ಮಳೆಗಾಲ ಮುಗಿಯೋ ತನಕ ಈ ಕಡೆ ಕೂತ್ಕೊಳ್ಳಿ ಅಂತ. ಅವರು ಮಾಲೆ ಕಟ್ಟೋದು ನಿಲ್ಲಿಸದೇ ಹೇಳಿದ್ರು: "ಅಲ್ಲಿ ಬಿಸಿಲು ಕಣಮ್ಮ. ಹನ್ನೊಂದು ಗಂಟೆಗೇ ಮಲ್ಲಿಗೆ ಬಾಡುತ್ತೆ. ಮರ ಯಾವತ್ತೋ ಬೀಳುತ್ತೆ, ಹೂವು ದಿನಾ ಬಾಡುತ್ತೆ."

ಮರ ಕಡೀಬೇಕು ಅನ್ನೋವರಿಗೆ ಇದು ಕೇಳಿಸಬೇಕು. ನೆರಳು ಅಂದ್ರೆ ಕೆಲವರಿಗೆ ವಾಕಿಂಗ್ ಹೋಗೋವಾಗಿನ ಸುಖ. ಕೆಲವರಿಗೆ ಅದೇ ಅಂಗಡಿ, ಬಾಡಿಗೆ ಇಲ್ಲದ ಸೂರು. ಮರ ಬಿದ್ದರೂ ನಷ್ಟ ಅವರಿಗೇ, ಕಡಿದ್ರೂ ಅವರಿಗೇ.

ಇನ್ನು ಮರ ಮುಟ್ಟಲೇಬಾರದು ಅನ್ನೋವರು. ಅವರನ್ನ ನಾನು ಆಡ್ಕೊಳ್ಳಲ್ಲ. ಈ ಊರಿನ ಜನ ಅಷ್ಟೊಂದು ಅನುಮಾನ ಪಡೋದಕ್ಕೆ ಕಾರಣ ಇದೆ. 2016ರಲ್ಲಿ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂದ್ರು, 812 ಮರ ಹೋಗುತ್ತೆ ಅಂದ್ರು. ಜನ ಕೈ ಕೈ ಹಿಡಿದು ನಿಂತ ಮೇಲೆ 2017ರಲ್ಲಿ ಯೋಜನೆ ಕೈಬಿಟ್ರು. 2019ರಲ್ಲಿ ಮಾರತ್‌ಹಳ್ಳಿ ಹತ್ತಿರ ಮರಗಳ ಬುಡಕ್ಕೆ ಆಸಿಡ್ ಹಾಕಿ ಸಾಯಿಸಿದ್ದು ಸುದ್ದಿಯಾಯ್ತು. ಇಷ್ಟೆಲ್ಲಾ ನೋಡಿದವರಿಗೆ "ಇದು ಅಪಾಯಕಾರಿ ಮರ" ಅಂದ್ರೆ ಅದರ ಹಿಂದೆ ಯಾರ ಪಾರ್ಕಿಂಗ್ ಇದೆ, ಯಾರ ಬೋರ್ಡ್ ಇದೆ ಅಂತ ಅನ್ಸೋದು ಸಹಜ. ಹಾಗಾಗಿ ನಿಜವಾಗಲೂ ಕೊಳೆತ ಮರವನ್ನೂ ಅಪ್ಪಿಕೊಂಡು ನಿಲ್ತಾರೆ. ಅವರ ನಂಬಿಕೆ ಕಳೆದಿದ್ದು ಯಾರು?

(8/10)
ಹಾಗಾದ್ರೆ ಒಂದು ಮರ ಅಪಾಯಕಾರಿ ಅಂತ ಹೇಳೋದು ಹೇಗೆ? ಇದನ್ನ ಓದೋವಾಗ ನನಗೆ ಇನ್ಶೂರೆನ್ಸ್ ಕ್ಲಾಸ್ ನೆನಪಾಯ್ತು. ಮರಗಳ ತಪಾಸಣೆ ಮಾಡೋ ತಜ್ಞರು ಮೂರು ಪ್ರಶ್ನೆ ಕೇಳ್ತಾರೆ. ಮುರಿಯೋ ಸಾಧ್ಯತೆ ಎಷ್ಟು? ಮುರಿದ್ರೆ ಯಾರ ಮೇಲಾದರೂ, ಯಾವುದರ ಮೇಲಾದರೂ ಬೀಳೋ ಸಾಧ್ಯತೆ ಎಷ್ಟು? ಬಿದ್ರೆ ಎಷ್ಟು ಹಾನಿ? ಲಾಲ್‌ಬಾಗ್‌ನ ಯಾವುದೋ ಮೂಲೆಯಲ್ಲಿ, ಯಾರೂ ಹೋಗದ ಜಾಗದಲ್ಲಿ ಒಣ ಮರ ನಿಂತಿದ್ರೆ ನಿಂತಿರಲಿ, ಮರಕುಟಿಗಕ್ಕೆ ಮನೆ ಆಗುತ್ತೆ. ಅದೇ ಮರ ಶಾಲೆ ಗೇಟ್ ಮುಂದೆ ಇದ್ರೆ ಉತ್ತರ ಬೇರೆ.

ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುತ್ತೆ ಅಂತಲೂ ಅಲ್ಲ. ಪೈಪ್ ಟೊಳ್ಳಾಗಿದ್ರೂ ಗಟ್ಟಿ ಇರುತ್ತಲ್ಲ ಹಾಗೆ. ಕ್ಲಾಸ್ ಮಾಟ್‌ಹೆಕ್ ಅನ್ನೋ ಜರ್ಮನ್ ವಿಜ್ಞಾನಿಯಿಂದ ಬಂದ ಒಂದು ಅಂದಾಜು ಸೂತ್ರ ಇದೆ: ಸುತ್ತ ಉಳಿದಿರೋ ಗಟ್ಟಿ ಕಟ್ಟಿಗೆಯ ದಪ್ಪ, ಕಾಂಡದ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆದ್ರೆ ಹುಷಾರಾಗಿರಿ. ಅದನ್ನ ತಿಳಿಯೋಕೆ ಮೊದಲು ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳ್ತಾರೆ (ತೆಂಗಿನಕಾಯಿ ತಟ್ಟಿ ನೋಡೋ ಥರ). ಅನುಮಾನ ಬಂದ್ರೆ ಸಣ್ಣ ಡ್ರಿಲ್ ಸೂಜಿ ಒಳಗೆ ಇಳಿಸಿ ಕಟ್ಟಿಗೆ ಎಷ್ಟು ತಡೆ ಕೊಡುತ್ತೆ ಅಂತ ಅಳೆಯೋ ಯಂತ್ರ ಇದೆ, ಶಬ್ದದ ಅಲೆ ಕಳಿಸಿ ಒಳಗಿನ ಚಿತ್ರ ತೆಗೆಯೋ ಯಂತ್ರ ಇದೆ. ಪ್ರತಿ ಮರಕ್ಕೂ ಯಂತ್ರ ಬೇಕಿಲ್ಲ. ಕಣ್ಣು, ಸುತ್ತಿಗೆ, ತರಬೇತಿ ಇರೋ ಒಬ್ಬ ಮನುಷ್ಯ, ಬರೆದಿಡೋಕೆ ಒಂದು ಪುಟ. ನೂರರಲ್ಲಿ ಹೆಚ್ಚಿನ ಮರಗಳಿಗೆ ಇಷ್ಟೇ ಸಾಕು.

ಉತ್ತರ ಯಾವಾಗಲೂ 'ಕಡಿ' ಅಂತಲೇ ಬರಲ್ಲ, ಇದು ಮುಖ್ಯ. ಒಣ ಕೊಂಬೆ ಮಾತ್ರ ತೆಗೆದ್ರೆ ಸಾಕಾಗಬಹುದು. ತಲೆಭಾರ ಎರಡೂ ಕಡೆಯಿಂದ ಸಮವಾಗಿ ಇಳಿಸಬಹುದು. ಊರುಗೋಲು ಕೊಡಬಹುದು. ಕಾಂಕ್ರೀಟ್ ಒಡೆದು ಮಣ್ಣು ಬಿಡಬಹುದು. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂತ ದಿಲ್ಲಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಕೆಲವು ಸಲ ಮರ ಬಿಟ್ಟು ಬೆಂಚು, ಬಸ್ ಸ್ಟಾಪು ಸರಿಸಿದ್ರೆ ಆಯ್ತು. ಇದೆಲ್ಲಾ ನೋಡಿದ ಮೇಲೂ ಉಳಿಯೋದು ಒಂದಷ್ಟು ಮರ ಇರುತ್ತೆ. ಅವನ್ನ ಕಡೀಬೇಕು. ಅಳುತ್ತಾ ಆದ್ರೂ ಕಡೀಬೇಕು, ಮಳೆಗೆ ಮುಂಚೆನೇ.

(9/10)
"ತಪಾಸಣೆ ಮಾಡಿದ್ರೆ ಮರ ಬೀಳೋದೇ ಇಲ್ವಾ?" ಹೋದ ವಾರ ಸ್ಟೋರಿಯಲ್ಲಿ ಈ ವಿಷಯ ಹಾಕಿದಾಗ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ಇದಕ್ಕೆ ಸಿಂಗಪುರದ ಉದಾಹರಣೆ ಕೊಡ್ತೀನಿ, ಅವರು ಮರ ನೋಡಿಕೊಳ್ಳೋದರಲ್ಲಿ ಹೆಸರುವಾಸಿ. ತಜ್ಞರು, ಕಾಲಕಾಲಕ್ಕೆ ತಪಾಸಣೆ, ಎಲ್ಲಾ ಇದೆ. ಆದರೂ 2017ರ ಫೆಬ್ರವರಿ 11ರಂದು ಅಲ್ಲಿನ ಬೊಟಾನಿಕ್ ಗಾರ್ಡನ್ಸ್‌ನಲ್ಲಿ 270 ವರ್ಷ ದಾಟಿದ, 40 ಮೀಟರ್ ಎತ್ತರದ ಟೆಂಬುಸು ಮರ ಬುಡಸಮೇತ ಉರುಳಿ ಒಬ್ಬ ಮಹಿಳೆ ಸತ್ತರು.

ಹಾಗಾದ್ರೆ ತಪಾಸಣೆ ದಂಡ ಅಂತೀರಾ? ನಾನು ಹಾಗೆ ಓದಲ್ಲ ಇದನ್ನ. ಆ ಮರವನ್ನ ಕೊನೇ ಸಲ ಯಾವಾಗ ನೋಡಿದ್ದು ಅಂತ ಕೇಳಿದ ತಕ್ಷಣ ಅವರ ಹತ್ತಿರ ಉತ್ತರ ಇತ್ತು: 2016ರ ಸೆಪ್ಟೆಂಬರ್, ಆಗ ಆರೋಗ್ಯವಾಗಿತ್ತು. ಆಮೇಲೆ ವಿಚಾರಣೆ ನಡೆಯಿತು. ಆ ತಾರೀಖು ಇದ್ದಿದ್ದರಿಂದಲೇ ಏನು ಕಣ್ಣಿಗೆ ಬಿತ್ತು, ಏನು ತಪ್ಪಿಹೋಯ್ತು ಅಂತ ಕೇಳೋಕೆ ಆಯ್ತು. ಎಲ್ಲಾ ನೋಡಿದ ಮೇಲೂ ಬಿದ್ದ ಮರ ಇದ್ದರೆ ಅದನ್ನ ಆಕ್ಟ್ ಆಫ್ ಗಾಡ್ ಅಂದ್ರೆ ನಾನೂ ಒಪ್ಕೋಬಹುದು. ನಮ್ಮಲ್ಲಿ ಒಂದು ಮರ ಬಿದ್ದ ಮರುದಿನ ಕೇಳಿ ನೋಡಿ, ಇದನ್ನ ಕೊನೇ ಸಲ ನೋಡಿದ್ದು ಯಾರು, ಯಾವತ್ತು?

(10/10)
ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಬೀದಿ ಮರಕ್ಕೆ ಒಂದು ನಂಬರ್. ಆ ನಂಬರ್‌ಗೆ ಒಂದು ಪುಟ, ಯಾರು ಬೇಕಾದ್ರೂ ಫೋನಲ್ಲಿ ತೆಗೆದು ನೋಡೋ ಹಾಗೆ. ಅದರಲ್ಲಿ ಜಾತಿ, ಅಂದಾಜು ವಯಸ್ಸು, ಸುತ್ತಳತೆ, ಬುಡದ ಹತ್ತಿರ ಯಾರು ಯಾವಾಗ ಅಗೆದ್ರು, ಕೊನೇ ತಪಾಸಣೆಯ ದಿನ, ನೋಡಿದವರ ಸಹಿ, ಮುಂದಿನ ದಿನ. ಕಡಿಯೋದಾದ್ರೆ ಯಾವ ಕಾರಣಕ್ಕೆ ಅಂತ ಎರಡು ಸಾಲು ಕನ್ನಡದಲ್ಲಿ, ಮರದ ಮೇಲೇ ಅಂಟಿಸಲಿ, ಒಂದು ವಾರ ಮುಂಚೆ. ಇವತ್ತೋ ನಾಳೆಯೋ ಬೀಳೋ ಹಾಗಿದ್ರೆ ಮೊದಲು ಕಡೀಲಿ, ಆಮೇಲೆ ಅದೇ ಪುಟದಲ್ಲಿ ಫೋಟೊ ಹಾಕ್ಲಿ. ಹೀಗಿದ್ದಿದ್ರೆ ಆ ಹೊಂಗೆಗೆ ಕಾರಣ ಬರೆಯೋಕೆ ಯಾರಿಗಾದ್ರೂ ಕೈ ಬರ್ತಿತ್ತಾ? ಹೂವಿನ ಅಕ್ಕನ ಮರದ ಪುಟದಲ್ಲಿ 'ತಪಾಸಣೆ' ಅನ್ನೋ ಕಾಲಂ ಖಾಲಿ ಬಿಟ್ಟು 'ಬಗೆಹರಿಸಲಾಗಿದೆ' ಅನ್ನೋಕೆ ಆಗ್ತಿತ್ತಾ?

ಇನ್ನೊಂದು ಕಾಲಂ ನಾನೇ ಸೇರಿಸ್ತೀನಿ: ಇದರ ನೆರಳಲ್ಲಿ ಯಾರಿದ್ದಾರೆ. ಚಪ್ಪಲಿ ಹೊಲಿಯೋರು, ಎಳನೀರಿನವರು, ಆಟೊ ಸ್ಟ್ಯಾಂಡು. ಮರ ತೆಗೆದ ದಿನವೇ ಅವರಿಗೆ ಒಂದು ದೊಡ್ಡ ಕೊಡೆ ಕೊಡೋಕೆ ಪಾಲಿಕೆ ದಿವಾಳಿ ಆಗಲ್ಲ.

ಮತ್ತೆ ಸಸಿ. ಕಂಪನಿಗಳು ಮಷಿನ್ ಕೆಟ್ಟ ಮೇಲೆ ಹೊಸದಕ್ಕೆ ದುಡ್ಡು ಹುಡುಕಲ್ಲ, ಮೊದಲಿಂದ ಎತ್ತಿಡ್ತಾ ಬರ್ತವೆ. ಮುದಿ ಗುಲ್‌ಮೊಹರ್ ಬೀಳೋ ತನಕ ಕಾಯೋದು ಯಾಕೆ? ಅದಿನ್ನೂ ನಿಂತಿರೋವಾಗಲೇ ಎರಡು ಮರಗಳ ನಡುವಿನ ಖಾಲಿ ಜಾಗದಲ್ಲಿ ಹೊಂಗೆಯನ್ನೋ ಹೊಳೆದಾಸವಾಳವನ್ನೋ ನೆಟ್ಟರೆ, ಹಳೇದು ಹೋಗೋ ಹೊತ್ತಿಗೆ ಹೊಸದಕ್ಕೆ ಒಂದಾಳು ಎತ್ತರ ಬಂದಿರುತ್ತೆ. ಪರಿಸರ ದಿನಕ್ಕೆ ಫೋಟೊ ತೆಗೆಸಿಕೊಂಡು ವೈರಿನ ಕೆಳಗೆ ನೆಡೋ ಗಿಡಗಳ ಬಗ್ಗೆ ಜೂನ್ 5ಕ್ಕೆ ಬೇರೆ ಪೋಸ್ಟ್ ಹಾಕ್ತೀನಿ, ಈಗ ಬೇಡ.

ಸರ್ಕಾರ ಪುಟ ತೆರೆಯೋ ತನಕ ನಾವು ಒಂದು ಶೀಟ್ ತೆರೆದಿದ್ದೀವಿ, ಲಿಂಕ್ ಬಯೋದಲ್ಲಿದೆ. ನಿಮ್ಮ ಬೀದಿಯ ಒಂದೇ ಒಂದು ಮರ ನೋಡಿ. ಬುಡದಲ್ಲಿ ಅಣಬೆ ಇದೆಯಾ, ಒಂದು ಬದಿ ಮಣ್ಣು ಬಿರುಕು ಬಿಟ್ಟು ಎದ್ದಿದೆಯಾ, ಹಿಂದೆ ನೆಟ್ಟಗಿದ್ದದ್ದು ಈಗ ವಾಲಿದೆಯಾ, ಎಲೆ ಇಲ್ಲದ ದಪ್ಪ ಕೊಂಬೆ ರಸ್ತೆ ಮೇಲಿದೆಯಾ, ಇತ್ತೀಚೆಗೆ ಪಕ್ಕದಲ್ಲಿ ಅಗೆದಿದ್ದಾರಾ. ಇವುಗಳಲ್ಲಿ ಯಾವುದಾದ್ರೂ ಇದ್ರೆ 1533ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರ್ಕೊಳ್ಳಿ, ಅದನ್ನ ಶೀಟಲ್ಲಿ ಹಾಕಿ. ನೀವೇ ಮರ ಹತ್ತೋದು, ಮಚ್ಚು ಹಿಡಿಯೋದು ಮಾತ್ರ ಬೇಡ.

ಮೊದಲ ಸಾಲು ನಾನು ತುಂಬಿದ್ದೀನಿ. ಪೆಲ್ಟೋಫೋರಂ, ಎದೆ ಎತ್ತರದಲ್ಲಿ ಸುತ್ತಳತೆ 2.1 ಮೀಟರ್, ಬುಡದಲ್ಲಿ ಅಣಬೆ, ಪೂರ್ವದ ಕಡೆ ಬೇರು ಕತ್ತರಿಸಿದೆ, ದೂರು ಎರಡು ಸಲ, ಕೆಳಗೆ ಹೂವಿನ ಅಂಗಡಿ. ಮೂರನೇ ದೂರನ್ನ ಈ ಸೋಮವಾರ ನಾನೇ ಹೋಗಿ ಕೊಟ್ಟು, ಸೀಲ್ ಹಾಕಿಸ್ಕೊಂಡು ಬರ್ತೀನಿ. ಜೊತೆಗೆ ಬರೋರು ಕಾಮೆಂಟ್‌ನಲ್ಲಿ ಹೇಳಿ, ಹತ್ತೂವರೆಗೆ ಹೊರಡೋದು.

#ಬೀದಿಲೆಕ್ಕ #ಬೆಂಗಳೂರು #ಮರ #ಮುಂಗಾರು #ಕನ್ನಡ